ಅಂಗಳದಲ್ಲಿ ತೂಗುತ್ತಿದ್ದ ಎಂಜಿನ್

ಮೂರು ಮಂದಿ ಸರಪಳಿ ಹಿಡಿದು ಜಗ್ಗಿದರೂ ಎಂಜಿನ್ನು ಕೆಳಗಿಳಿಯಲಿಲ್ಲ. ಗೇಟಿನ ಎದುರು ಅರ್ಧ ಸುತ್ತು ತಿರುಗಿ ಹಾಗೇ ತೂಗಾಡಿತು.

ಹೊನ್ನಾಳಿಯಲ್ಲಿ ಬಾಡಿಗೆ ಕಾರು ಓಡಿಸುತ್ತಿದ್ದ ಬೈಲಪ್ಪ ಹಿಂದಿನ ದಿನ ತೀರಿಕೊಂಡಿದ್ದ. ಅವನ ಹಳೆಯ ಆಸ್ಟಿನ್ ಕಾರು ಬಾನೆಟ್ ಕಳಚಿಕೊಂಡು ಅಂಗಳದಲ್ಲಿ ನಿಂತಿತ್ತು. ಅದರ ಎಂಜಿನ್ನನ್ನು ಅವನೇ ಬಿಚ್ಚಿ, ಮೂರು ದಿಮ್ಮಿ ಸೇರಿಸಿ ಕಟ್ಟಿ ತೂಗುಬಿಟ್ಟಿದ್ದ. ಶವ ಹೊರಲು ಬಾಳೆಕಂದು ಕಟ್ಟಿ ಸಿಂಗರಿಸಿದ ವಿಮಾನ ಹೊರಗೆ ರಸ್ತೆಯಲ್ಲಿ ಕಾಯುತ್ತಿತ್ತು. ಜಗಲಿಯ ಮೇಲೆ ಕೂರಿಸಿದ್ದ ಶವವನ್ನು ಅಲ್ಲಿಗೆ ಹೊತ್ತೊಯ್ಯಲು ಇದ್ದದ್ದು ಎಂಜಿನ್ನು ಅಡ್ಡವಾಗಿದ್ದ ಈ ಗೇಟೊಂದೇ.

ಯಾಕೆ ಬಿಚ್ಚಿದ ಎಂಬುದು ಯಾರಿಗೂ ತಿಳಿದಿರಲಿಲ್ಲ. ಜಗಳೂರಿನ ಯಾರಿಗೋ ಬಾವಿಯ ನೀರೆತ್ತಲು ಮಾರಿರಬೇಕು ಅಂತ ಒಬ್ಬರು ಅಂದರು. ಜಗಳೂರಿನಿಂದಲೇ ಬಂದಿದ್ದ ಭಾಮೈದ ಉಚ್ಚಂಗೆಪ್ಪ, ತಾನಂತೂ ಅಂಥ ಸುದ್ದಿ ಕೇಳಿಲ್ಲ ಅಂದ. ಪೆಟ್ರೋಲು ತುಟ್ಟಿಯಾಯಿತಲ್ಲ, ಡೀಸೆಲ್ ಎಂಜಿನ್ ಕೂರಿಸಲು ಹೊರಟಿದ್ದ ಅಂತ ಇನ್ನೊಬ್ಬರು. ಹೆಂಡತಿ ಶಿವಗಂಗಮ್ಮ ಬಂದವರನ್ನೆಲ್ಲ ಒಂದೇ ಮಾತು ಕೇಳುತ್ತಿದ್ದಳು.

“ಗಾಡಿ ಚೆನ್ನಾಗೇ ಓಡ್ತಿತ್ತಲ್ರೀ. ಇವರಿಗೆ ಇದನ್ನ ಬಿಚ್ಚಾಕೆ ಏನು ಬಂದಿತ್ತು?”

ಮೂರು ದಿನ ಗೇಟಿನ ಚಿಲಕ ಹಾಕಿಕೊಂಡು ಒಬ್ಬನೇ ಒದ್ದಾಡಿದ್ದನಂತೆ. ನಿನ್ನೆ ಅವಳು ಕಾಫಿ ತಂದಾಗ ಚಕ್ರಕ್ಕೆ ಒರಗಿ ಕೂತಿದ್ದ. ಮಲಗಿದ್ದಾನೆ ಅಂದುಕೊಂಡು ಲೋಟ ಪಕ್ಕದಲ್ಲಿಟ್ಟು ಒಳಗೆ ಹೋಗಿದ್ದಳು. ಎದೆ ನಿಂತದ್ದು ಅಂತ ಡಾಕ್ಟರು ಆಮೇಲೆ ಹೇಳಿದರು.

ಇದನ್ನೆಲ್ಲ ಮೆಕ್ಯಾನಿಕ್ ಕರೀಮ್ ಕಾಂಪೌಂಡಿನ ಹೊರಗೆ ನಿಂತು ಕೇಳುತ್ತಿದ್ದ. ಮೂವತ್ತು ವರ್ಷದಿಂದ ಅವನನ್ನು ಬಿಟ್ಟು ಬೇರೆ ಯಾರೂ ಆ ಕಾರಿನ ಬಾನೆಟ್ ಎತ್ತಿದ್ದಿಲ್ಲ. ಎರಡು ವರ್ಷದಿಂದ ಅವನ ಕಣ್ಣು ಮಂಜಾಗಿತ್ತು. ಗಿರಾಕಿಗಳು ಒಬ್ಬೊಬ್ಬರೇ ಜಾರಿಕೊಂಡಿದ್ದರು. ಕೊನೆಗೆ ಬೈಲಣ್ಣನೂ ನನ್ನನ್ನು ನಂಬದೆ ಹೋದನೇ ಎಂಬುದು ಬೆಳಗಿನಿಂದ ಒಳಗೇ ಕೊರೆಯುತ್ತಿತ್ತು.

“ಕರೀಮಣ್ಣ, ಗೋಡೆ ಕಾಯಾಕೆ ಬಂದೀರೇನು? ಬರ್ರಿ ಒಳಗೆ, ಇದು ನಮ್ಮ ಕೈಲಿ ಆಗಾದಲ್ಲ” ಅಂದ ಉಚ್ಚಂಗೆಪ್ಪ.

ಕರೀಮ್ ಬಂದು ಸರಪಳಿಯನ್ನು ಬೆರಳಿನಲ್ಲೇ ತಡವಿ ನೋಡಿ, ಸಿಕ್ಕಿಕೊಂಡಿದ್ದ ಕೊಂಡಿ ಬಿಡಿಸಿದ. ಎಂಜಿನ್ನು ಮೆಲ್ಲಗೆ ಇಳಿದು ಹಳೆಯ ಟೈರಿನ ಮೇಲೆ ಕೂತಿತು. ಅದರ ತಳದ ಆಯಿಲ್ ತಟ್ಟೆ ಅದರಲ್ಲಿರಲಿಲ್ಲ. ಆಸ್ಟಿನ್ನಿನಲ್ಲಿ ಎಂಜಿನ್ ಎತ್ತದೆ ಆ ತಟ್ಟೆ ಬಿಚ್ಚಲು ಬರುವುದಿಲ್ಲ.

ತಟ್ಟೆ ಕಾರಿನ ಹಿಂದೆ ಗೋಣಿಯ ಮೇಲೆ ಇತ್ತು. ಪಕ್ಕದಲ್ಲೊಂದು ರಟ್ಟು. ಬೈಲಪ್ಪ ರಟ್ಟಿಗೆ ತೂತು ಕೊರೆದು, ಯಾವ ಬೋಲ್ಟು ಎಲ್ಲಿಯದೋ ಅಲ್ಲೇ ಸಿಕ್ಕಿಸಿದ್ದ. ಬಿಚ್ಚಿದ್ದನ್ನು ಹಾಗೆ ಇಡಬೇಕೆಂದು ಕಲಿಸಿದವನು ಕರೀಮನೇ. ಅವನು ಮೊಣಕಾಲೂರಿ, ಕಣ್ಣನ್ನು ತಟ್ಟೆಯ ಹತ್ತಿರಕ್ಕೆ ಒಯ್ದ. ತಳದಲ್ಲಿ ಬೆರಳು ದಪ್ಪ ಕರಿ ಜಿಗಟು. ಅದರ ನಡುವೆ, ಎರಡು ತುದಿಯಲ್ಲೂ ಬಾಯಿ ತೆರೆದ ಸ್ಪಾನರಿನ ಅಚ್ಚು ಚೊಕ್ಕವಾಗಿ ಮೂಡಿತ್ತು.

*

ಮೊನ್ನೆ ಸಂಜೆ ಬೈಲಪ್ಪ ಅಂಗಡಿಗೆ ಬಂದು ಬೆಂಚಿನ ಮೇಲೆ ಕೂತಿದ್ದ. ಉಗುರಿನ ಸಂದಿಯೆಲ್ಲ ಕಪ್ಪು. ಏನು ಮಾಡ್ತಿದ್ದಿ ಅಂತ ಕರೀಮ್ ಕೇಳಿದ್ದಕ್ಕೆ, ಗಾಡಿ ಒರೆಸುತ್ತಿದ್ದೆ ಅಂದ.

“ತಳದಾಗಿನ ಆ ಟಣ್ ಟಣ್ ಸದ್ದು ಹೋತಾ?”

“ಹೋತು ಬಿಡು. ನೀನೇ ಹೇಳಿದ್ದೆಯಲ್ಲ, ಗಾಡಿಗೆ ವಯಸ್ಸಾತು ಅಂತ.”

ಯುಗಾದಿಗೆ ಕರೀಮನೇ ಎಂಜಿನ್ ಪೂರಾ ಬಿಚ್ಚಿ ಜೋಡಿಸಿದ ಮೇಲೆ ಬ್ರೇಕು ಹಾಕಿದಾಗೆಲ್ಲ ಆ ಸದ್ದು ಬರುತ್ತಿತ್ತು. ಕರೀಮ್ ನಕ್ಕು ತಳ್ಳಿಹಾಕಿದ್ದ. ಬೈಲಪ್ಪ ಚಾ ಕುಡಿದು, ಸಾಮಾನಿನ ಪೆಟ್ಟಿಗೆಯನ್ನು ಸುಮ್ಮನೆ ಅತ್ತಿತ್ತ ಕೆದಕಿ, ಎದ್ದು ಹೋದ. ಅವನು ಹೋದ ಮೇಲೆ, ಯುಗಾದಿಯಿಂದ ಕಾಣದಿದ್ದ ಅರ್ಧ ಇಂಚಿನ ಸ್ಪಾನರು ಅದೇ ಪೆಟ್ಟಿಗೆಯಲ್ಲಿ ಸಿಕ್ಕಿತ್ತು. ಕಣ್ಣೆದುರೇ ಇದ್ದದ್ದು ಕಾಣಲಿಲ್ಲವಲ್ಲ ಎಂದು ಕರೀಮ್ ತನ್ನನ್ನೇ ಬೈದುಕೊಂಡಿದ್ದ. ಆಗಷ್ಟೇ ತೊಳೆದ ಹಾಗೆ ಅದರಿಂದ ಸೀಮೆಎಣ್ಣೆಯ ವಾಸನೆ ಬಂದದ್ದು ಈಗ ನೆನಪಾಯಿತು.

*

ಕರೀಮ್ ಎದ್ದು ಶಿವಗಂಗಮ್ಮನನ್ನು ಕಾರಿನ ಹಿಂದಕ್ಕೆ ಕರೆದ. ಅವಳು ತಟ್ಟೆ ನೋಡಿದಳು. ಅವಳಿಗೆ ಅದು ಬರೀ ಎಣ್ಣೆ ಕೆಸರು. ಅವನು ಬೆರಳಿಟ್ಟು ತೋರಿಸಿ, ಎಲ್ಲವನ್ನೂ ಹೇಳಿದ.

“ನನ್ ಕಣ್ಣು ಕಾಣದೆ ಸ್ಪಾನರು ಒಳಗೇ ಬಿಟ್ಟಿದ್ದೆ ಅಕ್ಕ. ಊರಿಗೆ ಗೊತ್ತಾಗಬಾರದು ಅಂತ ಬೈಲಣ್ಣ ಒಬ್ನೇ ಬಿಚ್ಚಿದಾನೆ. ಅವನು ಹೋಗಿದ್ದು ನನ್ನಿಂದ.”

ಶಿವಗಂಗಮ್ಮ ತಟ್ಟೆಯಿಂದ ಕಣ್ಣೆತ್ತಿ ಅವನ ಮುಖ ನೋಡಿದಳು. ಸಿಟ್ಟೋ, ದುಃಖವೋ, ಅವನಿಗೆ ತಿಳಿಯಲಿಲ್ಲ.

“ನಂಗಾದ್ರೂ ಒಂದು ಮಾತು ಹೇಳಬೋದಿತ್ತಲ್ಲ” ಅಂದಳು. ಯಾರಿಗೆ ಅಂದಳೋ.

“ಏನಂತೆ ಅಕ್ಕ?” ಉಚ್ಚಂಗೆಪ್ಪ ಈ ಕಡೆಗೇ ಬರುತ್ತಿದ್ದ. ಅವನ ಹಿಂದೆ ಇನ್ನಿಬ್ಬರು.

ಅವಳು ಕುಕ್ಕರುಗಾಲಲ್ಲಿ ಕೂತು ಬಲಗೈಯನ್ನು ತಟ್ಟೆಯೊಳಗೆ ಇಳಿಸಿದಳು. ಹಸಿ ನೆಲ ಸಾರಿಸುವ ಹಾಗೆ ಅಂಗೈಯನ್ನು ಎರಡು ಸಲ ಎಳೆದಳು. ಅಚ್ಚು ಅಳಿಸಿಹೋಯಿತು.

“ಡೀಸೆಲ್ ಎಂಜಿನ್ ಹಾಕ್ಸಾಕಂತೆ” ಅಂದಳು. “ಕರೀಮಣ್ಣನಿಗೆ ಮೊದಲೇ ಹೇಳಿದ್ರಂತೆ.”

“ಹಂಗಿದ್ರೆ ಸರಿ” ಅಂದ ಉಚ್ಚಂಗೆಪ್ಪ. ಅವನ ಕಣ್ಣು ಮಾತ್ರ ಅವಳ ಕೈಯ ಮೇಲೇ ಇತ್ತು. ಬಳೆಗಳ ತನಕ ಕಪ್ಪು.

ಜಗಲಿಯಿಂದ, ಪೂಜೆಗೆ ಬಂದಿದ್ದ ಅಯ್ಯನವರು ಕರೆದರು. ಹೊತ್ತಾಯಿತು, ಹೆಂಡತಿ ಬಂದು ವಿಭೂತಿ ಹಚ್ಚಲಿ ಅಂದರು. ಅವಳು ಹೋದಳು. ಕೈ ನೋಡಿ ಅವರು ತಡೆದು, ತೊಳೆದುಕೊಂಡು ಬಾರವ್ವ ಅಂದರು. ಯಾರೋ ಚೊಂಬು ತರಲು ಓಡಿದರು. ಅವಳು ಕಾಯಲಿಲ್ಲ. ಮೂರು ಬೆರಳನ್ನು ವಿಭೂತಿಗೆ ಒತ್ತಿ ಗಂಡನ ಹಣೆಯ ಮೇಲೆ ಎಳೆದಳು. ಕಪ್ಪು ಬೆರೆತ ಮೂರು ಗೆರೆ, ಎಣ್ಣೆಯ ಹೊಳಪಿನಲ್ಲಿ, ಕಿವಿಯಿಂದ ಕಿವಿಗೆ ಮೂಡಿತು. ಉಚ್ಚಂಗೆಪ್ಪ ಹೆಗಲಿನ ಟವೆಲ್ಲು ತೆಗೆದವನು, ಒರೆಸಬೇಕೋ ಬೇಡವೋ ತಿಳಿಯದೆ ಅದನ್ನು ಕೈಯಲ್ಲೇ ಹಿಡಿದು ನಿಂತ. ಅಷ್ಟರಲ್ಲಿ ಹೊರುವವರು ಬೈಲಪ್ಪನನ್ನು ಎತ್ತಿದರು.