ಬಗ್ಗಿಸಿದ ಚಮಚ

ಶ್ಯಾಮಣ್ಣ ಕಡ್ಡಿಪೊರಕೆಯನ್ನು ಮಲಕವ್ವನ ಕೈಗೆ ಕೊಟ್ಟು ಗಿಳಿಯ ಪಂಜರದ ಬಾಗಿಲು ತೆರೆದ.

"ರೆಕ್ಕೆ ಮುರೀಬಾರ್ದು, ಕಣ್ಣಿಗೆ ತಾಕ್ಬಾರ್ದು. ನಿನ್ ಮಕ ಕಂಡ್ರೆ ಎದ್ರಬೇಕು, ಅಷ್ಟೇಯ."

"ಅಣ್ಣಾರ, ನಾ ಹೆಂಗ ಹೊಡೀಲ್ರಿ? ನನ್ನ ಕೈಯಾಗ ಬೆಳದದ್ದೈತ್ರಿ ಅದು."

"ಅದ್ಕೇ ನೀನೇ ಒಡೀಬೇಕು. ನಾನ್ ಒಡುದ್ರೆ ನನ್ ಕಂಡು ಎದ್ರತದೆ. ಏನ್ ಬಂತು?"

ಮಾಕಳಿಯಲ್ಲಿ ಶ್ಯಾಮಣ್ಣನ ರಾಗಿಹೊಲವೆಲ್ಲ ಗೋಡೌನಾಗಿ, ಉಳಿದ ಹತ್ತು ಗುಂಟೆಯಲ್ಲಿ ಈ ಗಿಳಿಮನೆ ಎದ್ದಿತ್ತು. ತಗಡಿನ ಮಾಡು, ಎರಡು ಪದರದ ಜಾಲರಿ, ಒಳಗೆ ಯಾವ್ಯಾವುದೋ ದೇಶದ ಗಿಳಿಗಳು. ದಾಯಾದಿಗಳು ಕಾರು ಕೊಂಡರೆ ಈತ ಗಿಳಿ ಕೊಂಡ. ಕಾರು ಮರಿ ಹಾಕುವುದಿಲ್ಲ ಎಂಬುದು ಈತನ ಜಾಣತನ. ಗಿಳಿಗಳ ಚಾಕರಿಗೆ ಸಿಕ್ಕವಳು ಬಾಗಲಕೋಟೆ ಕಡೆಯ ಮಲಕವ್ವ. ಅವಳ ಗಂಡ ಯಂಕಪ್ಪ ಪೀಣ್ಯದ ಯಾವುದೋ ಕಾರ್ಖಾನೆಯ ಪ್ರೆಸ್ ಯಂತ್ರಕ್ಕೆ ಬಲಗೈ ಕೊಟ್ಟು ಬಂದ ಮೇಲೆ ಯಾರೂ ಅವನನ್ನು ಕೆಲಸಕ್ಕೆ ಕರೆದಿರಲಿಲ್ಲ. ಗಿಳಿಮನೆಯ ಬೆನ್ನಿಗಿದ್ದ ಶೀಟಿನ ಕೋಣೆ, ಇಬ್ಬರ ಎರಡು ಹೊತ್ತಿನ ಊಟ, ಎಲ್ಲ ಈ ಗಿಳಿಗಳ ಋಣ.

ನೀಲಿ ಬೆನ್ನಿನ, ಹಳದಿ ಎದೆಯ ಈ ಮಕಾವ್ ಗಿಳಿ ಹುಟ್ಟಿದಾಗ ಬೋಳು ಮಾಂಸದ ಮುದ್ದೆ. ತಾಯಿಯ ಹತ್ತಿರ ಬಿಟ್ಟರೆ ಪಳಗುವುದಿಲ್ಲವೆಂದು ಶ್ಯಾಮಣ್ಣ ಅದನ್ನು ಗೂಡಿನಿಂದ ತೆಗೆದು ಮಲಕವ್ವನ ಮಡಿಲಿಗೆ ಹಾಕಿದ್ದ. ಅವಳು ತನ್ನ ಮನೆಯ ಚಮಚದ ಅಂಚುಗಳನ್ನು ಒಳಕ್ಕೆ ಬಗ್ಗಿಸಿ, ಬೆಚ್ಚಗಿನ ಗಂಜಿಯನ್ನು ಎರಡು ತಾಸಿಗೊಮ್ಮೆ ಕುಡಿಸಿದಳು. ಚಿನ್ನವ್ವ ಎಂದು ಹೆಸರಿಟ್ಟಳು. ಮಕ್ಕಳಿಲ್ಲದ ಹೆಂಗಸು, ಕೊರಳಿಗೆ ಕೊಕ್ಕು ತಂದು ಒರಗಿದರೆ ಬೇಡವೆನ್ನಲು ಅವಳೇನು ಕಲ್ಲೇ?

ಈಗ ಚಿನ್ನವ್ವನಿಗೆ ಆರು ವರ್ಷ. ಚೆನ್ನೈಯಿಂದ ತರಿಸಿದ ಗಂಡು ಗಿಳಿಯನ್ನು ಅದು ರಕ್ತ ಬರುವಂತೆ ಕಚ್ಚಿತು. ಮಲಕವ್ವನನ್ನು ಕಂಡರೆ ಮಾತ್ರ ತಲೆ ಕುಣಿಸಿ, ತಿಂದದ್ದನ್ನು ಗಂಟಲಿನಿಂದ ಮೇಲೆ ತಂದು ಅವಳ ಬೆರಳಿಗೆ ಉಣಿಸುತ್ತಿತ್ತು. ನೋಡಲು ಬಂದ ಪಕ್ಷಿ ಡಾಕ್ಟರು ನಕ್ಕುಬಿಟ್ಟರು. "ಇದು ಆಗ್ಲೇ ಜೋಡಿ ಆರಿಸ್ಕೊಂಡ್ಬಿಟ್ಟಿದೆ ಕಣ್ರೀ ಶ್ಯಾಮಣ್ಣ. ಈ ಅಮ್ಮನ್ನೇ!" ಹದಿನೈದು ದಿನ ಅವಳನ್ನು ದೂರವಿಟ್ಟು ನೋಡಿದ್ದಾಯಿತು. ಗಿಳಿ ಮೇವು ಬಿಟ್ಟು ಎದೆಯ ಪುಕ್ಕ ಕಿತ್ತುಕೊಂಡಿತು. ಶ್ಯಾಮಣ್ಣನಿಗೆ ಪೊರಕೆ ಹೊಳೆದದ್ದು ಆಮೇಲೆ.

"ಈ ಸಲ ಮೊಟ್ಟೆ ಇಡ್ನಿಲ್ಲ ಅಂದ್ರೆ ರೂಮ್ ಖಾಲಿ ಮಾಡ್ಬುಡಿ" ಎಂದ. "ಆ ಕೈಯಿಲ್ದೋನ ಕರ್ಕಂಡು ಎಲ್ಲಿಗಾದ್ರೂ ಓಗು."

ಮಲಕವ್ವ ಒಳಗೆ ಹೋದಳು. ಚಿನ್ನವ್ವ ಕೊಂಬೆಯ ಮೇಲೆ ಅಡ್ಡಡ್ಡ ಓಡಿಬಂತು. ಮೊದಲ ಏಟನ್ನು ಅದು ಆಟವೆಂದುಕೊಂಡಿತು. ಎರಡನೆಯದಕ್ಕೆ ಹಿಂದೆ ಸರಿದು, ಏನೋ ತಪ್ಪಾಗಿರಬೇಕೆಂಬಂತೆ ಅವಳ ಮುಖವನ್ನೇ ನೋಡಿತು. ಆಮೇಲೆ ಮೆಲ್ಲಗೆ ಮುಂದೆ ಬಂದು, ತಲೆ ಕುಣಿಸಿ, ನೆನೆದ ಕಡಲೆಯನ್ನು ಗಂಟಲಿನಿಂದ ತಂದು ಕೊಕ್ಕು ಚಾಚಿತು.

"ಇನ್ನೊಂದ್ ಬಿಡು!" ಹೊರಗಿನಿಂದ ಶ್ಯಾಮಣ್ಣ ಕೂಗಿದ. ಜಗಲಿಯಲ್ಲಿ ಸೊಪ್ಪು ಬಿಡಿಸುತ್ತಿದ್ದ ಅವನ ಹೆಂಡತಿ ಕೃಷ್ಣಮ್ಮ, "ಅತ್ತೆ ಸೊಸೆ ಜಗಳ ನೋಡ್ದಂಗಾಯ್ತದೆ" ಎಂದು ನಕ್ಕಳು.

ಮಲಕವ್ವ ಹೊಡೆದಳು. ಕಡಲೆ ನೆಲಕ್ಕೆ ಬಿತ್ತು. ಆದರೂ ಅವಳ ಕೈ ನಿಲ್ಲಲಿಲ್ಲ. ಕೋಣೆಯಲ್ಲಿ ಯಂಕಪ್ಪ ಕೆಮ್ಮುವುದು ಅಲ್ಲಿಗೇ ಕೇಳುತ್ತಿತ್ತು.

ಹೀಗೇ ಎಂಟು ದಿನ. ಒಂಬತ್ತನೆಯ ಬೆಳಿಗ್ಗೆ ಅವಳು ಚಿಲಕಕ್ಕೆ ಕೈ ಹಾಕುತ್ತಲೇ ಚಿನ್ನವ್ವ ಕಿರುಚಿ, ಪಂಜರದ ಮೂಲೆಯಲ್ಲಿದ್ದ ಗಂಡು ಗಿಳಿಯ ಬೆನ್ನ ಹಿಂದೆ ಅವಿತಿತು. ಅವತ್ತು ಅವಳ ಕೈಯಲ್ಲಿ ಪೊರಕೆಯೇ ಇರಲಿಲ್ಲ.

"ಗೆದ್ಬುಟ್ಟೆ ಕಣಮ್ಮಿ!" ಶ್ಯಾಮಣ್ಣ ಚಪ್ಪಾಳೆ ತಟ್ಟಿದ. ಕೃಷ್ಣಮ್ಮ ಮನೆಯಿಂದ ಪಾಯಸ ಕಳಿಸಿದಳು. ಯಂಕಪ್ಪ ಎಡಗೈಯಲ್ಲಿ ಬಟ್ಟಲು ಒರೆಸಿ ತಿಂದು, "ಖೋಲಿ ಉಳೀತಲ್ಲ, ಸಾಕು ಬಿಡು" ಎಂದ. ಮಲಕವ್ವ ತನ್ನ ಪಾಲನ್ನೂ ಅವನಿಗೇ ಬಡಿಸಿದಳು.

ಎರಡು ತಿಂಗಳಿಗೆ ಚಿನ್ನವ್ವ ಎರಡು ಮೊಟ್ಟೆ ಇಟ್ಟಿತು. ಶ್ಯಾಮಣ್ಣ ಅವನ್ನು ಎತ್ತಿ ಕಾವು ಕೊಡುವ ಯಂತ್ರಕ್ಕೆ ಇಟ್ಟ. ಒಂದು ಕೆಟ್ಟಿತು, ಒಂದು ಒಡೆದು ಮರಿ ಹೊರಬಂತು. ಅದನ್ನು ಹತ್ತಿಯ ಡಬ್ಬಿಯಲ್ಲಿಟ್ಟು ತಾನೇ ಶೀಟಿನ ಕೋಣೆಗೆ ತಂದ.

"ತಗಾ. ಎಣ್ಣಾದ್ರೆ ಮಾರಕಿಲ್ಲ, ಮರಿ ಮಾಡ್ಸಕ್ಕೆ ಮಡಿಕಂತೀನಿ. ಚೆಂದಾಗಿ ಅಚ್ಕಂಡು ಸಾಕು."

"ದೊಡ್ಡದಾದ ಮ್ಯಾಲ ಇದೂ ನನ್ನನ್ನ ಬಿಡಲಿಲ್ಲಂದ್ರ?"

"ಪೊರಕೆ ಐತಲ್ಲ" ಎಂದು ಶ್ಯಾಮಣ್ಣ ಹೋದ.

ಮಲಕವ್ವ ಅದಕ್ಕೆ ಹೆಸರಿಡಲಿಲ್ಲ. ಗಂಜಿ ಕುಡಿಸುವಾಗ ಬಾಯಿ ಬಿಚ್ಚಲಿಲ್ಲ. ಮೂರನೆಯ ವಾರ ಮರಿ ಕಣ್ಣು ಬಿಡುವ ಹೊತ್ತಿಗೆ ಮುಖ ಕಾಣದಂತೆ ಸೆರಗನ್ನು ಮೂಗಿನವರೆಗೆ ಸುತ್ತಿಕೊಂಡು ಕೂತಳು. ಮರಿ ಚಮಚವನ್ನು ಬಿಟ್ಟು, ಬೋಳು ಕತ್ತು ತೂರಾಡಿಸುತ್ತ ಅವಳ ಹೆಬ್ಬೆರಳನ್ನು ಹುಡುಕಿ ಅದಕ್ಕೆ ತಲೆ ಒರಗಿಸಿತು. ಅವಳು ಮುಖವನ್ನು ಗೋಡೆಗೆ ತಿರುಗಿಸಿಕೊಂಡು, ಚಮಚವನ್ನು ಮತ್ತೆ ಗಂಜಿಗೆ ಅದ್ದಿದಳು.