ಜೋಳಿಗೆಯ ಒಳಕಿಸೆ

ಶ್ರಾವಣ ಹಿಡಿಯುವ ಹಿಂದಿನ ದಿನ, ಮಗಳ ಹಳೇ ನೋಟ್‌ಬುಕ್ಕಿನ ಕೊನೇ ಹಾಳೆಯಲ್ಲಿ ಆ ತಿಂಗಳು ಮಾಡಲೇಬೇಕಾದ ಕೆಲಸಗಳನ್ನು ಬರೆದೆ. ಜನ ಹೊಸ ವರ್ಷಕ್ಕೆ ಬರೆಯುತ್ತಾರಂತೆ. ನಮ್ಮ ಮನೆಗೆ ಹೊಸದು ಅಂತ ಏನಾದರೂ ಬರುವುದಿದ್ದರೆ ಅದು ಶ್ರಾವಣದಲ್ಲೇ. ಹಳೇ ಧೋತರದಲ್ಲಿ ದಿಂಬಿಗೆ ಎರಡು ಕವರು. ಅಂಚು ಹರಿದ ಸೀರೆಯಲ್ಲಿ ಅಡುಗೆಮನೆಯ ಕಪಾಟಿಗೆ ಪರದೆ. ಉಳಿದ ಚಿಂದಿ ಜೋಡಿಸಿ ಬಾಗಿಲಿಗೊಂದು ಕಾಲೊರಸು. ನಾಲ್ಕನೆಯದು, ಇವರ ಗುಟ್ಕಾ ಬಿಡಿಸುವುದು. ಮೊದಲ ಮೂರು ನನ್ನ ಕೈಯಲ್ಲಿದ್ದವು, ನಾಲ್ಕನೆಯದು ಇವರ ಬಾಯಲ್ಲಿತ್ತು.

ಇವರು ಅಂದರೆ ನನ್ನ ಗಂಡ ಶರಣಕುಮಾರ. ಶಹಾಬಾದಿನಲ್ಲಿ ಕಲ್ಲು ಪಾಲಿಶ್ ಮಾಡುವ ಕಾರ್ಖಾನೆಯೊಂದರಲ್ಲಿ ಮಷೀನು ನಡೆಸುತ್ತಾರೆ. ಹದಿನಾರು ವರ್ಷದಿಂದ ಗುಟ್ಕಾ ತಿನ್ನುತ್ತಾರೆ. ಮುಂಗಾರಿನ ಹೊತ್ತಿಗೆ ಕಲಬುರಗಿಯ ಡಾಕ್ಟರು ಇವರಿಗೆ ಬಾಯಿ ತೆರೆಯಲು ಹೇಳಿದಾಗ ಅದು ತೆರೆದದ್ದು ಎರಡು ಬೆರಳಷ್ಟೇ. ಒಳಗೆ ಕೆನ್ನೆಯ ಮೇಲೆ ಬಿಳಿ ಕಲೆ. ಇಂದೇ ಬಿಟ್ಟರೆ ಜೀವ ಉಳಿಯುತ್ತದೆ, ಇಲ್ಲದಿದ್ದರೆ ಮುಂದಿನದು ಕ್ಯಾನ್ಸರ್ ಆಸ್ಪತ್ರೆಯೇ ಎಂದರು. ಬಿಡಿಸುವುದಕ್ಕೂ ಔಷಧ ಇದೆ, ಕೊಡುತ್ತೇನೆ ಎಂದರು. ಕುಡುಕರಿಗೆ ಕೊಡುವಂಥ ಔಷಧ ತನಗೆ ಬೇಡ ಎಂದು ಇವರು ಎದ್ದು ಬಂದರು. ನಾನೂ ಹಿಂದೆಯೇ ಎದ್ದು ಬಂದೆ. ಸುಳ್ಳೇಕೆ ಹೇಳಲಿ, ನನಗೂ ಅದು ಮರ್ಯಾದೆಯ ಪ್ರಶ್ನೆಯಾಗಿತ್ತು.

ನಮ್ಮ ಓಣಿಯ ಮಠದ ಸ್ವಾಮಿಗಳು, ನಾವು ಅಪ್ಪಾವರು ಅನ್ನುವವರು, ಶ್ರಾವಣದಲ್ಲಿ ದಿನಾ ಸಂಜೆ ಜೋಳಿಗೆ ಹಾಕಿಕೊಂಡು ಮನೆಮನೆಗೆ ಹೋಗುತ್ತಾರೆ. ಜೋಳ ಬೇಡುವುದಿಲ್ಲ, ಚಟ ಬೇಡುತ್ತಾರೆ. ಬೀಡಿಯ ಕಟ್ಟು, ಗುಟ್ಕಾದ ಪಾಕೀಟು, ಏನಿದ್ದರೂ ಜೋಳಿಗೆಗೆ ಹಾಕಿ ಇನ್ನು ಮುಟ್ಟುವುದಿಲ್ಲ ಎಂದು ಮಾತು ಕೊಡಬೇಕು. ತುಂಬಿದ್ದನ್ನು ಮಠದ ಹಿಂದಿನ ಗುಂಡಿಗೆ ಸುರಿದು ಸುಡುತ್ತಾರೆ. ಕೆಲವು ಶಾಣ್ಯಾ ಮಂದಿ ಗುಟ್ಕಾ ತಿಂದು ಬರೀ ಪಾಕೀಟು ಹಾಕಿ ಕೈಮುಗಿಯುತ್ತಾರೆ, ಅದು ಬೇರೆ ಮಾತು. ಹಾಕಿದವರಲ್ಲಿ ಅರ್ಧ ಜನ ಬೆಳಗಾದರೆ ಪಾನ್ ಅಂಗಡಿಯ ಮುಂದೆ ನಿಂತಿರುತ್ತಾರೆ. ಇನ್ನರ್ಧ ಜನ ನಿಜವಾಗಿ ಬಿಡುತ್ತಾರೆ. ನಾನು ಆ ಇನ್ನರ್ಧವನ್ನು ನಂಬಿದವಳು.

ಈ ವರ್ಷ ಮಠದ ಜೋಳಿಗೆ ಜೀರ್ಣವಾಗಿತ್ತು. ಮನೆಯಲ್ಲಿ ಹೊಲಿಯುವವಳು ಎಂದು ಕಾವಿ ಬಟ್ಟೆ ನನ್ನ ಹತ್ತಿರ ಬಂತು. ಪಾಕೀಟಿನ ಮೂಲೆಗಳು ಚುಚ್ಚಿ ಹರಿಯಬಾರದೆಂದು ಎರಡು ಪದರ ಹಾಕಿದೆ. ಹೆಗಲ ಪಟ್ಟಿ ಜಗ್ಗುವ ಕಡೆ ಮೂರು ಸಲ ಹೊಲಿಗೆ ಓಡಿಸಿದೆ. ಅಪ್ಪಾವರು ಮಜೂರಿ ಎಷ್ಟು ಎಂದು ಕೇಳಿದಾಗ, ಮಜೂರಿ ಬೇಡ, ಈ ತಿಂಗಳು ಜೋಳಿಗೆ ಹೊರುವ ಸೇವೆಯನ್ನು ನನ್ನ ಗಂಡನಿಗೆ ಕೊಡಿ ಎಂದು ಬೇಡಿಕೊಂಡೆ. ಊರ ಮಂದಿಯ ಚಟ ಹೆಗಲ ಮೇಲೆ ಹೊತ್ತವನು ತನ್ನದನ್ನು ಇಟ್ಟುಕೊಳ್ಳುತ್ತಾನೆಯೇ? ನಾಚಿಕೆಗಾದರೂ ಬಿಡುತ್ತಾನೆ. ನನ್ನ ಲೆಕ್ಕಾಚಾರ ಇಷ್ಟೇ ಇತ್ತು. ಅಪ್ಪಾವರು ಆಗಲಿ ಎಂದರು.

ಮೊದಲ ಸಂಜೆ ಎಲ್ಲರೆದುರು ಇವರೇ ಮೊದಲು ಕಿಸೆ ಖಾಲಿ ಮಾಡಿದರು. ಐದು ಪಾಕೀಟು. ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತೆ. ಜೋಳಿಗೆ ಒಂದು ದಿನ ವಾಡಿಗೆ, ಒಂದು ದಿನ ಚಿತ್ತಾಪುರಕ್ಕೆ, ನಡುವೆ ನಮ್ಮ ಓಣಿಗಳಿಗೆ ಹೋಯಿತು. ಕಾರ್ಖಾನೆಯ ಕೆಲಸ ಮುಗಿಸಿ ಸ್ನಾನ ಮಾಡಿ, ಹಣೆಗೆ ವಿಭೂತಿ ಹಚ್ಚಿಕೊಂಡು ಇವರು ಹೊರಟರೆ ಪಕ್ಕದ ಮನೆಯ ಗುಂಡಮ್ಮ, ನಿನ್ನ ಗಂಡ ಈಗ ಬೇರೆಯೇ ಮನುಷ್ಯ ಆದ ನೋಡು ಎನ್ನುತ್ತಿದ್ದಳು. ಬಾಯಿಂದ ಯಾಲಕ್ಕಿಯ ವಾಸನೆ ಬರುತ್ತಿತ್ತು. ಕಡೇ ಸೋಮವಾರ ಇವರಿಗೆ ಶಾಲು ಹೊದಿಸಬೇಕೆಂದು ಮಠದಲ್ಲಿ ನಿಶ್ಚಯವಾಯಿತು. ಅಷ್ಟರಲ್ಲಿ ನಾನು ದಿಂಬಿನ ಕವರು ಮುಗಿಸಿದ್ದೆ, ಪರದೆ ಮುಗಿಸಿದ್ದೆ. ನಾಲ್ಕನೆಯದರ ಮೇಲೂ ಗೆರೆ ಎಳೆದುಬಿಟ್ಟಿದ್ದೆ.

ಎಂಟನೇ ದಿನವೋ ಒಂಬತ್ತನೇ ದಿನವೋ ಇವರು ಜೋಳಿಗೆ ತಂದು ನನ್ನ ಮುಂದೆ ಇಟ್ಟರು. "ಒಳಗೊಂದು ಸಣ್ಣ ಕಿಸೆ ಹಚ್ಚು. ವಿಭೂತಿ ಗಟ್ಟಿ ಇಡ್ಲಾಕ ಬೇಕು" ಎಂದರು. ಭಕ್ತಿ ಹೆಚ್ಚಾಗಿದೆ ಎಂದು ನಾನು ಹಿಗ್ಗಿದೆ. ಹೊರಗೆ ಹೊಲಿಗೆ ಕಾಣದಂತೆ ಕೈಯಲ್ಲೇ ಸಣ್ಣ ಸಣ್ಣ ಟಾಕಿ ಹಾಕಿ ಕಿಸೆ ಕೂಡಿಸಿದೆ, ಅದಕ್ಕೊಂದು ಗುಂಡಿ ಬೇರೆ ಇಟ್ಟೆ. ಅಷ್ಟು ಚಂದದ ಕಿಸೆಯನ್ನು ನಾನು ನನ್ನ ಮಗಳ ಫ್ರಾಕಿಗೂ ಹಚ್ಚಿರಲಿಲ್ಲ.

ಕಡೇ ಸೋಮವಾರಕ್ಕೆ ಎರಡು ದಿನ ಇರುವಾಗ, ಶನಿವಾರ ಬೆಳಿಗ್ಗೆ, ಇವರು ಕೆಲಸಕ್ಕೆ ಹೋದ ಮೇಲೆ ಒಗೆಯಲೆಂದು ಜೋಳಿಗೆ ತೆಗೆದುಕೊಂಡೆ. ನೀರಿಗೆ ಹಾಕುವ ಮುಂಚೆ ವಿಭೂತಿ ತೆಗೆದಿಡೋಣ ಎಂದು ಗುಂಡಿ ಬಿಚ್ಚಿದೆ. ವಿಭೂತಿ ಇರಲಿಲ್ಲ. ನಾಲ್ಕು ಪಾಕೀಟು ಇದ್ದವು, ಒಂದರ ಬಾಯಿ ಹರಿದಿತ್ತು. ಮೂಲೆಯಲ್ಲಿ ಅಡಿಕೆಯ ಚೂರು ಒತ್ತಾಗಿ ಕೂತಿದ್ದವು. ಅಂದರೆ ಇದು ಒಂದು ದಿನದ ಮಾತಲ್ಲ. ಮಂದಿ ಹಾಕಿದ್ದನ್ನೇ ಇವರು ಆರಿಸಿಕೊಂಡು ತಿನ್ನುತ್ತಿದ್ದರು. ಊರು ಬಿಟ್ಟ ಗುಟ್ಕಾ ನನ್ನ ಗಂಡನ ಬಾಯಿಗೆ ಹೋಗುತ್ತಿತ್ತು, ದಾರಿ ಮಾಡಿಕೊಟ್ಟವಳು ನಾನು. ಬಚ್ಚಲಿನಲ್ಲೇ ಕೂತುಬಿಟ್ಟೆ. ಒಂದು ತಿಂಗಳಿನಿಂದ ಇವರು ಖಾರ ಮುಟ್ಟಿರಲಿಲ್ಲ, ರೊಟ್ಟಿ ಹಾಲಿನಲ್ಲಿ ನೆನೆಸಿ ನುಂಗುತ್ತಿದ್ದರು. ಶ್ರಾವಣದ ನೇಮ ಎಂದು ಹೇಳಿದ್ದನ್ನು ನಾನು ನಂಬಿದ್ದೆ. ನನ್ನಂಥ ಹುಚ್ಚಿ ಯಾವ ಊರಲ್ಲೂ ಇರಲಿಕ್ಕಿಲ್ಲ.

ಒಗೆಯದ ಜೋಳಿಗೆ ಹಿಡಿದುಕೊಂಡೇ ಮಠಕ್ಕೆ ಓಡಿದೆ. ಅಪ್ಪಾವರು ಪಡಸಾಲೆಯಲ್ಲಿ ಒಬ್ಬರೇ ಇದ್ದರು. ಕಿಸೆ ಬಿಚ್ಚಿ ಅವರ ಮುಂದೆ ಹಿಡಿದೆ. ಅವರಿಗೆ ಆಶ್ಚರ್ಯವಾಗಲಿಲ್ಲ, ಅದೇ ನನಗೆ ಆಶ್ಚರ್ಯ. ಇವರು ಗುಟ್ಕಾ ಬಿಟ್ಟಿಲ್ಲ ಎಂದು ಮೊದಲ ವಾರದಲ್ಲೇ ಗೊತ್ತಾಗಿತ್ತಂತೆ. ಜೋಳಿಗೆ ಕಸಿದುಕೊಂಡರೆ ಮನುಷ್ಯ ನಾಲ್ಕು ಮಂದಿಯಲ್ಲಿ ಮುಖ ಎತ್ತುವಂತಿಲ್ಲ, ತಾನಾಗಿಯೇ ನಾಚಿ ಬಿಟ್ಟಾನು ಎಂದು ಕಾದರಂತೆ.

ಸಿಟ್ಟು ನೆತ್ತಿಗೇರಿತು. ಅವರೆದುರು ದನಿ ಎತ್ತಿದವಳಲ್ಲ ನಾನು, ಅವತ್ತು ಎತ್ತಿದೆ.

"ನೀವು ಕಾದ್ರಿ ಅಪ್ಪಾರ. ಅವರ ಬಾಯಾಗಿನ ಬಿಳಿ ಕಲೆ ಕಾಯಲಿಲ್ಲ."

ಅವರು ತಲೆ ತಗ್ಗಿಸಿದರು. ಆದರೆ ಆ ಮಾತು ಹೊರಗೆ ಬಿದ್ದ ಕೂಡಲೇ ಅದು ನನಗೇ ತಾಗಿತು. ನಾಚಿಕೆಯಿಂದ ಚಟ ಬಿಡುತ್ತದೆ ಎಂದು ಮೊದಲು ನಂಬಿದವಳು ನಾನೇ ತಾನೆ? ಮರ್ಯಾದೆ ಹೋಗಬಾರದೆಂದು ಎಲ್ಲರೂ ಕೂಡಿ ಒಬ್ಬ ಮನುಷ್ಯನನ್ನು ಮುಗಿಸುತ್ತಿದ್ದೆವು. ಸೋಮವಾರ ಶಾಲು ಹೊದಿಸಿದರಂತೂ ಮುಗಿದೇ ಹೋಯಿತು. ಸತ್ಪುರುಷ ಅನ್ನಿಸಿಕೊಂಡವನು ಆಮೇಲೆ ಯಾರ ಮುಂದೆ ಬಾಯಿ ತೆರೆದಾನು?

ಮನೆಗೆ ಹೋಗಲಿಲ್ಲ. ಜೋಳಿಗೆ ಹೆಗಲಿಗೆ ಹಾಕಿಕೊಂಡು ಸೀದಾ ಕಾರ್ಖಾನೆಗೆ ನಡೆದೆ. ದಾರಿಯಲ್ಲಿ ಹೆಂಗಸಿನ ಹೆಗಲ ಮೇಲೆ ಮಠದ ಜೋಳಿಗೆ ನೋಡಿ ಜನ ನಿಂತು ನೋಡಿದರು. ನೋಡಲಿ ಎಂದುಕೊಂಡೆ. ಒಳಗೆ ಮಷೀನಿನ ಸದ್ದು, ಕಲ್ಲಿನ ಕೆಸರು ನೀರು. ಹತ್ತು ಹನ್ನೆರಡು ಮಂದಿ ಕೆಲಸದಲ್ಲಿದ್ದರು. ಕಾವಿ ಕಂಡು ಅಪ್ಪಾವರೇ ಬಂದರೆಂದು ಒಬ್ಬಿಬ್ಬರು ಕೈಮುಗಿದರು. ಇವರು ನನ್ನನ್ನು ನೋಡಿ ಮಷೀನು ನಿಲ್ಲಿಸಿದರು. ನನ್ನ ಹೆಗಲಿನಲ್ಲಿ ಏನಿದೆ, ಅದರ ಒಳಗೆ ನಾನು ಏನು ಕಂಡಿದ್ದೇನೆ, ಕೇಳದೆಯೇ ಅವರಿಗೆ ತಿಳಿಯಿತು.

ಬೈಯಬೇಕೆಂದು ಬಂದಿದ್ದೆ. ಬೈಗುಳ ಒಂದೂ ಬಾಯಿಗೆ ಬರಲಿಲ್ಲ. ಜೋಳಿಗೆಯ ಬಾಯಿ ಅಗಲಿಸಿ ಇವರ ಮುಂದೆ ಹಿಡಿದೆ.

"ಭಿಕ್ಷೆ ಹಾಕ್ರಿ" ಎಂದೆ.

ಎಲ್ಲ ಮಷೀನೂ ಒಂದೊಂದಾಗಿ ನಿಂತವು. ಇವರು ಕಿಸೆಗೆ ಕೈ ಹಾಕಿದರು, ಮುಷ್ಟಿ ಕಟ್ಟಿ ಹೊರಗೆ ತೆಗೆದರು, ಹಾಗೆಯೇ ಜೋಳಿಗೆಯೊಳಗೆ ಇಳಿಸಿದರು. ಪಾಕೀಟು ಬೀಳುವುದನ್ನು ಕಾದೆ. ಬೀಳಲಿಲ್ಲ. ಕೈ ಒಳಗೇ ಉಳಿಯಿತು. ಹೊರಗಿನಿಂದ ಬಟ್ಟೆಯ ಸಮೇತ ಆ ಮುಷ್ಟಿಯನ್ನು ಹಿಡಿದೆ. ಕಲ್ಲಿನ ಹಾಗೆ ಬಿಗಿದುಕೊಂಡಿತ್ತು. ಬಿಡ್ರಿ ಎಂದೆ. ನಿಮ್ಮ ಕಾಲಿಗೆ ಬೀಳುತ್ತೇನೆ, ಮಗಳಿಗಾಗಿ ಬಿಡ್ರಿ ಎಂದೆ. ಇವರ ಕಣ್ಣಲ್ಲಿ ನೀರು ಬಂತು.

"ಮೊದಲನೇ ದಿನದಿಂದ ಬಿಡಬೇಕಂತನೇ ಅದೀನಿ, ಭಾಗ್ಯಾ" ಎಂದು ನನಗಷ್ಟೇ ಕೇಳುವಂತೆ ಹೇಳಿದರು. "ನನ್ನ ಕೈಲೆ ಆಗವಲ್ದು."

ಹದಿನಾರು ವರ್ಷದಲ್ಲಿ ಗುಟ್ಕಾದ ವಿಷಯಕ್ಕೆ ಇವರು ಆಡಿದ ಮೊದಲ ನಿಜ ಅದು. ಇನ್ನೊಂದು ಗಳಿಗೆ ಸುಮ್ಮನಿದ್ದರೆ ಇಬ್ಬರೂ ಸೇರಿ ಅದನ್ನೂ ಮುಚ್ಚಿಡುತ್ತಿದ್ದೆವು. ಮುಚ್ಚಿಟ್ಟರೆ ಡಾಕ್ಟರ ಔಷಧದ ಮಾತು ಮತ್ತೆ ಎತ್ತುವಂತಿರಲಿಲ್ಲ.

"ಜೋರಾಗಿ ಹೇಳ್ರಿ" ಎಂದೆ. "ಎಲ್ಲಾರಿಗೂ ಕೇಳಬೇಕು."

ಇವರು ಸುತ್ತ ನೋಡಿದರು. ತೆರೆಯದ ಆ ಬಾಯಿಯನ್ನು ಆದಷ್ಟು ತೆರೆದು, ತೊದಲುತ್ತಾ, ಅದೇ ಮಾತನ್ನು ಇನ್ನೊಮ್ಮೆ ಹೇಳಿದರು. ಯಾರೂ ನಗಲಿಲ್ಲ. ಮುಷ್ಟಿ ಬಿಚ್ಚಲಿಲ್ಲ. ನಾನೂ ಬಿಡಲಿಲ್ಲ.