ಚೀಟಿಯ ಹಿಂಬದಿ

ಅಂಗಡಿಯಲ್ಲಿ ಪುಸ್ತಕ ಓದುವವಳು ಅಕ್ಕ, ಪುಸ್ತಕ ಮಾರುವವಳು ತಂಗಿ. ಇಪ್ಪತ್ತೆಂಟು ವರ್ಷ ಹೀಗೇ ನಡೆದಿತ್ತು. ತಂಗಿಗೆ ಐವತ್ತನಾಲ್ಕು ತುಂಬಿದ್ದರೂ ಇಡೀ ಬೀದಿಗೆ ಅವಳು ಪುಟ್ಟಿಯೇ. ಪಾರ್ಸೆಲ್ ಬಿಚ್ಚುವುದು, ಧೂಳು ಹೊಡೆಯುವುದು, ಬಿಲ್ ಬರೆಯುವುದು, ಕೊಳ್ಳದೆ ನಿಂತಲ್ಲೇ ಅರ್ಧ ಪುಸ್ತಕ ಓದಿ ಮುಗಿಸುವವರನ್ನು ಕೆಮ್ಮಿ ಓಡಿಸುವುದು, ಎಲ್ಲ ಅವಳ ಕೆಲಸ. ಓದುವುದೊಂದು ಬಿಟ್ಟು. ಪುಟ್ಟಿ ತನ್ನ ಜನ್ಮದಲ್ಲಿ ಒಂದು ಕಾದಂಬರಿಯನ್ನೂ ಕೊನೆ ಮುಟ್ಟಿಸಿದವಳಲ್ಲ. ಮೂವತ್ತನೇ ಪುಟಕ್ಕೆ ಬರುವಷ್ಟರಲ್ಲಿ ಒಲೆಯ ಮೇಲೆ ಏನೋ ಇಟ್ಟು ಮರೆತಿದ್ದೇನೆಂಬ ಅನುಮಾನ ಹತ್ತಿ ಎದ್ದುಬಿಡುತ್ತಿದ್ದಳು. ಇದು ಮನೆಯೊಳಗಿನ ಗುಟ್ಟು. ಮಿಠಾಯಿ ಅಂಗಡಿಯವನಿಗೆ ಸಿಹಿ ಸೇರದಿದ್ದರೆ ಯಾರೂ ಕೇಳುವುದಿಲ್ಲ. ಪುಸ್ತಕದಂಗಡಿಯವಳು ಓದುವುದಿಲ್ಲವೆಂದರೆ ಮಾತ್ರ ಜನ ಹುಬ್ಬೇರಿಸುತ್ತಾರೆ.

ಅಕ್ಕನದು ಚೀಟಿಯ ಕೆಲಸ. ಹೊಸ ಪುಸ್ತಕ ಬಂದರೆ ಅದನ್ನು ಕೊನೆಯ ಪುಟದವರೆಗೆ ಓದಿ, ಅಂಗೈಯಗಲದ ಹಳದಿ ರಟ್ಟಿನ ಮೇಲೆ ನಾಲ್ಕು ಸಾಲು ಬರೆದು, ಪುಸ್ತಕದ ಕೆಳಗೆ ಕಪಾಟಿನ ಅಂಚಿಗೆ ಸಿಕ್ಕಿಸುತ್ತಿದ್ದಳು. ದೊಡ್ಡ ಅಂಗಡಿಗಳು ಬಣ್ಣದ ಫಲಕ ಹಾಕಿ ಕೂಗಿಕೊಂಡರೂ ಮಾರಾಟವಾಗದ ಪುಸ್ತಕ, ಇಲ್ಲಿ ನಾಲ್ಕು ಸಾಲಿಗೆ ಖಾಲಿಯಾಗುತ್ತಿತ್ತು. ಓದದೆ ಒಂದಕ್ಷರವನ್ನೂ ಬರೆಯುವವಳಲ್ಲ ಅಕ್ಕ ಎಂಬುದು ಊರಿಗೆಲ್ಲ ಗೊತ್ತಿತ್ತು. ಊರಿಗೆ ಗೊತ್ತಿಲ್ಲದ್ದು ಚೀಟಿಯ ಹಿಂಬದಿ. ಮುಂದುಗಡೆ ಬರೆದದ್ದು ಎಲ್ಲರಿಗೆ, ಹಿಂದುಗಡೆ ಬರೆದದ್ದು ಪುಟ್ಟಿಯೊಬ್ಬಳಿಗೆ. ಯಾರಿಗೆ ಕೊಡಬೇಕು, ಯಾರಿಗೆ ಕೊಡಬಾರದು ಎಂದು. 'ಹಲ್ಲಿನ ಡಾಕ್ಟರಿಗೆ ಬೇಡ, ನಾಯಿ ಸಾಯುತ್ತದೆ, ಅವರದ್ದಕ್ಕೂ ವಯಸ್ಸಾಗಿದೆ.' 'ಬ್ಯಾಂಕಿನ ಮ್ಯಾನೇಜರಿಗೆ ಕೊಡು, ಸ್ವಲ್ಪ ನಗಲಿ.' 'ಟೈಲರಮ್ಮನಿಗೆ ಬೇಡವೇ ಬೇಡ, ನೂರ ನಲವತ್ತನೇ ಪುಟದಲ್ಲಿ ನೀರು ಬರುತ್ತದೆ.' ಟೈಲರಮ್ಮನ ಒಂಬತ್ತು ವರ್ಷದ ಮಗಳು ಶಾಲೆಯವರ ಜೊತೆ ಕೆರೆ ನೋಡಲು ಹೋದವಳು ತಿರುಗಿ ಬಂದಿರಲಿಲ್ಲ. ಅದಾಗಿ ಆರು ವರ್ಷ. ಈ ಆರು ವರ್ಷಗಳಲ್ಲಿ ಅಕ್ಕ ಒಂದು ಹನಿ ನೀರನ್ನೂ ಆಕೆಯ ಕೈಗೆ ದಾಟಿಸಿರಲಿಲ್ಲ.

ಎಂಟು ತಿಂಗಳ ಹಿಂದೆ ಅಕ್ಕ ತೀರಿಕೊಂಡಳು. ಹಾಸಿಗೆ ಹಿಡಿದಿದ್ದಾಗಲೂ ಕೊನೆಯ ವಾರದವರೆಗೆ ಓದುತ್ತಲೇ ಇದ್ದಳು. ಪ್ರಕಾಶಕರು ಪುಸ್ತಕ ಬಿಡುಗಡೆಗೆ ಐದಾರು ತಿಂಗಳು ಮೊದಲೇ ಕೆಲವು ಅಂಗಡಿಗಳಿಗೆ ಓದಲೆಂದು ಸಾದಾ ರಟ್ಟಿನ ಪ್ರತಿ ಕಳಿಸುತ್ತಾರೆ. ಅಕ್ಕನ ಹಾಸಿಗೆಯ ಸುತ್ತ ಅಂಥವು ಗುಡ್ಡೆ ಬಿದ್ದಿದ್ದವು. ಎಲ್ಲ ಮುಗಿದ ಮೇಲೆ ಪುಟ್ಟಿ ಮೇಜಿನ ಡ್ರಾಯರ್ ಎಳೆದರೆ ರಬ್ಬರ್ ಬ್ಯಾಂಡ್ ಹಾಕಿದ ಮೂವತ್ತೊಂದು ಚೀಟಿ ಸಿಕ್ಕವು. ಇನ್ನೂ ಹೊರಗೇ ಬಾರದ ಪುಸ್ತಕಗಳಿಗೆ ಅಕ್ಕ ಚೀಟಿ ಬರೆದಿಟ್ಟು ಹೋಗಿದ್ದಳು. ಪುಟ್ಟಿ ಅವನ್ನು ಎದೆಗೊತ್ತಿಕೊಂಡು ಅತ್ತಳು. ಆಮೇಲೆ ಮೂಗು ಒರೆಸಿಕೊಂಡು, ಪುಸ್ತಕ ಒಂದೊಂದೇ ಬಿಡುಗಡೆಯಾದ ಹಾಗೆ ಚೀಟಿ ಒಂದೊಂದೇ ಸಿಕ್ಕಿಸತೊಡಗಿದಳು.

ಊರಿನವರಿಗೆ ಮೊದಮೊದಲು ಮೈ ಜುಮ್ಮೆಂದಿತು. ಸತ್ತವಳು ಹೊಸ ಪುಸ್ತಕ ಹೇಳುವುದೆಂದರೆ ಸಾಮಾನ್ಯವೇ? ಆಮೇಲೆ ಅಭ್ಯಾಸವಾಯಿತು. "ಈ ವಾರ ಅಕ್ಕ ಏನಂತಾರೆ?" ಎಂದು ಕೇಳುತ್ತಲೇ ಒಳಗೆ ಬರತೊಡಗಿದರು. ಅಂತಾರೆ, ಎಂದೇ ಕೇಳುತ್ತಿದ್ದರು. ಹಾಗೆ ಕೇಳಿದಾಗಲೆಲ್ಲ ಪುಟ್ಟಿಗೆ ಅಕ್ಕ ಹಿಂದಿನ ಕೋಣೆಯಲ್ಲಿ ಕನ್ನಡಕ ಹುಡುಕುತ್ತಿದ್ದಾಳೆ ಅನ್ನಿಸುತ್ತಿತ್ತು. ಅದು ಅವಳಿಗೆ ಬೇಕಾಗಿತ್ತು. ಹೇಳಿಬಿಡಬೇಕೆಂದರೆ, ಅದಿಲ್ಲದೆ ಅವಳಿಗೆ ಬೆಳಿಗ್ಗೆ ಷಟರ್ ಎತ್ತುವುದಕ್ಕೂ ಕೈ ಏಳುತ್ತಿರಲಿಲ್ಲ.

ಮೂವತ್ತೊಂದು ಚೀಟಿ ಎಷ್ಟು ದಿನ ಬಂದೀತು? ಆರನೆಯ ತಿಂಗಳಿಗೆ ಡ್ರಾಯರ್ ಖಾಲಿಯಾಯಿತು. ಸೋಮವಾರ ಹೊಸ ಪಾರ್ಸೆಲ್ ಬಂತು. ಅಂಚೆಯಾತ ಬಾಗಿಲಲ್ಲೇ ನಿಂತು, "ಅಕ್ಕಂದು ಇನ್ನೂ ಎಷ್ಟು ಉಳಿದಿವೆ?" ಎಂದ. "ತುಂಬಾ ಇವೆ," ಎಂದಳು ಪುಟ್ಟಿ. ಬಾಯಿಂದ ಜಾರಿದ ಸುಳ್ಳನ್ನು ಮತ್ತೆ ಹಿಡಿದು ತರುವ ಧೈರ್ಯ ಅವಳಿಗಿರಲಿಲ್ಲ. ಆ ಮಧ್ಯಾಹ್ನ ಹಳದಿ ರಟ್ಟು ಕತ್ತರಿಸಿ, ಅಕ್ಕನ ಹಳೆಯ ಚೀಟಿಯೊಂದನ್ನು ಎದುರಿಗಿಟ್ಟುಕೊಂಡು, ಹಳೇ ಪೇಪರಿನ ಮೇಲೆ ಅಕ್ಷರ ತಿದ್ದಿದಳು. ಅಕ್ಕನ ಅಕ್ಷರಗಳು ಆರಾಮಕುರ್ಚಿಯಲ್ಲಿ ಕೂತವರಂತೆ ಹಿಂದಕ್ಕೆ ವಾಲಿರುತ್ತಿದ್ದವು. ಪುಟ್ಟಿಯವು ಗುಂಡಗೆ, ನೆಟ್ಟಗೆ. ಮೊದಲ ಚೀಟಿಗೆ ಎರಡು ಗಂಟೆ ಹಿಡಿಯಿತು. ಪುಸ್ತಕದ ಬೆನ್ನ ಮೇಲಿನ ನಾಲ್ಕು ಸಾಲು ಓದಿ, ಅದನ್ನೇ ಅಕ್ಕನ ಧಾಟಿಗೆ ತಿರುಗಿಸಿದಳು. ಹಿಂಬದಿ ಖಾಲಿ ಬಿಟ್ಟಳು. ಓದದವಳು ಅಲ್ಲಿ ಏನು ತಾನೇ ಬರೆದಾಳು?

ಮೂರನೆಯ ಚೀಟಿಗೆ ಎದುರಿಗೆ ಮಾದರಿ ಇಟ್ಟುಕೊಳ್ಳುವುದು ಬೇಕಾಗಲಿಲ್ಲ. ಐದನೆಯದಕ್ಕೆ ಪೆನ್ನು ಹಿಡಿದಾಗ ಏನು ಬರೆಯಬೇಕೆಂದು ಯೋಚಿಸಲೂ ಇಲ್ಲ, ಸಾಲುಗಳು ತಾವೇ ಬಂದು ಕೂತವು. ಇದೇನು ಕೈಗೆ ಬುದ್ಧಿ ಬಂತೇ ಎಂದು ನಕ್ಕಳು. ಆದರೆ ಅದೇ ವಾರ ಬ್ಯಾಂಕಿನ ಮ್ಯಾನೇಜರ್ ಒಂದು ದಪ್ಪ ಪುಸ್ತಕ ಹಿಡಿದು ಹಿಂದೆಮುಂದೆ ನೋಡುತ್ತಿದ್ದಾಗ, "ತಗೊಂಡ್ ಹೋಗಿ, ಹಿಡಿಸದಿದ್ರೆ ಬಂದು ಬೈಯಿರಿ," ಎಂದುಬಿಟ್ಟಳು. ಅದು ಅಕ್ಕನ ಮಾತು. ಮಾತು ಅಷ್ಟೇ ಅಲ್ಲ, ಆ ಕೊನೆಯಲ್ಲಿ ಎಳೆಯುವ ರಾಗವೂ ಅಕ್ಕನದೇ. ಮ್ಯಾನೇಜರ್ ಒಮ್ಮೆ ಹಿಂದಿನ ಕೋಣೆಯ ಕಡೆ ನೋಡಿದರು. ಹಣ ಕೊಟ್ಟು, ಚಿಲ್ಲರೆ ತೆಗೆದುಕೊಳ್ಳದೆ ಹೊರಟುಹೋದರು. ಪುಟ್ಟಿ ಅಂದೆಲ್ಲ ಬಾಯಿಗೆ ಬೀಗ ಹಾಕಿಕೊಂಡು ಕೂತಳು.

ಆರನೆಯ ಚೀಟಿ ಒಂದು ಹೊಸ ಕಾದಂಬರಿಗೆ. ಹೊದಿಕೆಯ ಮೇಲೆ ಬಿಸಿಲು, ಹುಲ್ಲು, ಊಟದ ಬುಟ್ಟಿ. ಬೆನ್ನ ಮೇಲೆ 'ಮರೆಯಲಾಗದ ಒಂದು ಬೇಸಿಗೆ ದಿನ' ಎಂದು ಅಚ್ಚಾಗಿತ್ತು. ಪುಟ್ಟಿ ಬರೆದಳು: 'ಬೇಗ ಓದಿ ಮುಗಿಸುವ ಪುಸ್ತಕವಲ್ಲ ಇದು. ಮಧ್ಯದಲ್ಲಿ ಕೈಬಿಡಬೇಡಿ. ಕೊನೆಯ ಪುಟಕ್ಕೆ ಬನ್ನಿ. ಅಲ್ಲಿ ನೀರು ಬೆಚ್ಚಗಿದೆ.' ಕೊನೆಯ ಸಾಲು ಯಾಕೆ ಬಂತೆಂದು ಅವಳಿಗೇ ತಿಳಿಯಲಿಲ್ಲ. ಚಿತ್ರದ ಬಿಸಿಲು ನೋಡಿ ಬಂದಿರಬೇಕು ಅಂದುಕೊಂಡು ಸಿಕ್ಕಿಸಿದಳು.

ಮೊದಲ ಪ್ರತಿ ತೆಗೆದುಕೊಂಡವಳು ಟೈಲರಮ್ಮ. ಚೀಟಿಯನ್ನು ಎತ್ತಿ ಓದಿ, ತಿರುಗಿಸಿ ನೋಡಿ, ತುಂಬ ಹೊತ್ತು ಹಾಗೇ ನಿಂತಿದ್ದಳು. ಪುಟ್ಟಿ ಪಾರ್ಸೆಲ್ಲಿನ ದಾರದ ಗಂಟು ಬಿಡಿಸುವುದರಲ್ಲಿದ್ದಳು. ಬಿಲ್ ಬರೆದುಕೊಟ್ಟಳು, ಅಷ್ಟೇ.

ನಾಲ್ಕು ದಿನ ಬಿಟ್ಟು ಹಲ್ಲಿನ ಡಾಕ್ಟರು ಬಂದರು. "ಏನ್ರೀ ಪುಟ್ಟಿ, ಎಂಥ ಪುಸ್ತಕ ಕೊಟ್ರಿ! ಆ ಪುಟ್ಟ ಹುಡುಗಿ ಕೆರೇಲಿ ಮುಳುಗೋ ಜಾಗ ಓದಿ ಎರಡು ದಿನ ಊಟ ಸೇರಲಿಲ್ಲ ನಂಗೆ."

ಪುಟ್ಟಿ ಬಿಲ್ ಪುಸ್ತಕ ಕೆಳಗಿಟ್ಟಳು. "ಯಾವ ಹುಡುಗಿ?"

"ಯಾವ ಹುಡುಗಿ ಅಂದ್ರೆ? ಇಡೀ ಪುಸ್ತಕಾನೇ ಅದು. ಶಾಲೆ ಮಕ್ಕಳು, ಕೆರೆ, ತಾಯಿ. ನೀವು ಓದಿಲ್ವೇನು?"

ಅವರು ಹೋದ ಮೇಲೆ ಅರ್ಧ ದಿನ ಬಾಗಿಲೆಳೆದುಕೊಂಡು ಪುಟ್ಟಿ ಎರಡು ಬೀದಿ ಆಚೆಯ ಹೊಲಿಗೆ ಅಂಗಡಿಗೆ ನಡೆದಳು. ಮುಚ್ಚಿತ್ತು. ಗಾಜಿನೊಳಗೆ ಗೊಂಬೆಯ ಮೈಮೇಲೆ ನೀಲಿ ಅಂಗಿ, ಒಂದು ತೋಳಿಗೆ ಇನ್ನೂ ಪಿನ್ನು ಚುಚ್ಚಿದ್ದು ಹಾಗೇ ಇತ್ತು. ಪಕ್ಕದ ಗಡಿಯಾರ ರಿಪೇರಿಯವನು, "ನಾಲ್ಕು ದಿನ ಆಯ್ತು, ತೆಗೆದಿಲ್ಲ," ಎಂದ. ಟೈಲರಮ್ಮನ ಮನೆಯಿದ್ದ ಮಹಡಿಯ ಮೆಟ್ಟಿಲು ಹತ್ತಿ ಬಾಗಿಲು ತಟ್ಟಬಹುದಿತ್ತು. ತಟ್ಟಿದರೆ ಯಾರೂ ತೆಗೆಯದಿದ್ದರೆ? ಪುಟ್ಟಿ ಎರಡು ಮೆಟ್ಟಿಲು ಹತ್ತಿ, ಇಳಿದು, ವಾಪಸು ಬಂದಳು. ಹೇಡಿ, ಎಂದು ತನ್ನನ್ನೇ ಬೈದುಕೊಂಡಳು. ಮಾರನೆಯ ದಿನವೂ ಹೋದಳು, ಅದರ ಮಾರನೆಯ ದಿನವೂ. ನೀಲಿ ಅಂಗಿಯ ತೋಳು ಹೊಲಿದುಕೊಳ್ಳಲಿಲ್ಲ. ಒಂದು ವಾರ ಹೀಗೇ ಹೋಯಿತು. ಆ ಹೆಂಗಸು ಏನಾದರೂ ಮಾಡಿಕೊಂಡರೆ ಅದನ್ನು ಮಾಡಿದವಳು ತಾನು, ಅಕ್ಕನ ಕೈ ಕದ್ದು ಮಾಡಿದವಳು.

ಹನ್ನೊಂದನೆಯ ದಿನ ಬೆಳಿಗ್ಗೆ ಹತ್ತಕ್ಕೆ ಟೈಲರಮ್ಮ ತಾನೇ ಬಂದಳು. ತಲೆ ಬಾಚಿದ್ದಳು. ಮುಖದಲ್ಲಿ ತುಂಬ ನಿದ್ದೆ ಮಾಡಿ ಎದ್ದವರ ಕಳೆ ಇತ್ತು. ಪುಟ್ಟಿ ಕೌಂಟರ್ ದಾಟಿ ಹೋಗಿ ಅವಳ ಎರಡೂ ಕೈ ಹಿಡಿದುಕೊಂಡಳು.

"ಟೈಲರಮ್ಮಾ, ನನ್ನಿಂದ ದೊಡ್ಡ ತಪ್ಪಾಯ್ತು."

"ಏನು ತಪ್ಪು? ಕೂತ್ಕೋ. ಮೊದಲು ನಾನು ಹೇಳ್ತೀನಿ." ಟೈಲರಮ್ಮ ಸ್ಟೂಲ್ ಎಳೆದು ಕೂತಳು. "ಅಕ್ಕ ಹಿಂದುಗಡೆ ಬರೀತಿದ್ರಲ್ಲ, ಅದು ನಂಗೆ ಗೊತ್ತು. ಐದು ವರ್ಷದ ಹಿಂದೆ ಒಂದು ಚೀಟಿ ಕೆಳಗೆ ಬಿದ್ದಿತ್ತು, ಎತ್ತಿಕೊಡೋಕೆ ಹೋಗಿ ನೋಡ್ದೆ. 'ಟೈಲರಮ್ಮನಿಗೆ ಬೇಡ' ಅಂತ. ಆವತ್ತಿಂದ ಪ್ರತಿ ಚೀಟೀನೂ ಕದ್ದು ತಿರುಗಿಸಿ ನೋಡ್ತಿದ್ದೆ. ಅವರು ಬೇಡ ಅಂದದ್ದನ್ನ ಮುಟ್ತಿರಲಿಲ್ಲ. ಈ ಪುಸ್ತಕದ ಚೀಟೀಲೇ ನೀರು ಅಂತ ಇದೆ. ತಿರುಗಿಸಿದೆ. ಖಾಲಿ! ಅಲ್ಲೇ ನಿಂತು ಯೋಚಿಸಿದೆ. ನೋಡು, ಅಕ್ಕ ಈ ಸಲ ಬೇಡ ಅಂದಿಲ್ಲ. ನಾನು ತಡ್ಕೋತೀನಿ ಅಂತ ಅವರಿಗೆ ಅನ್ನಿಸಿದೆ. ಅಲ್ಲಿ ಹೋಗಿ ಅವಳನ್ನ ನೋಡಿದಾರೆ, ಅದಕ್ಕೇ ಕಳಿಸಿದಾರೆ."

ಪುಟ್ಟಿ ಕಪಾಟಿನ ಅಂಚಿಗೆ ಸಿಕ್ಕಿಸಿದ್ದ ಆ ಚೀಟಿಯತ್ತ ನೋಡಿದಳು.

"ಅಂಗಡಿ ಮುಚ್ಚಿ ಓದಿದೆ," ಎಂದಳು ಟೈಲರಮ್ಮ. "ಎರಡು ಸಲ ಓದಿದೆ. ಅತ್ತುಬಿಟ್ಟೆ, ಗೋಡೆಗೆ ತಲೆ ಚಚ್ಕೊಂಡೆ, ಆಮೇಲೆ ನಿದ್ದೆ ಬಂತು. ಆರು ವರ್ಷದಲ್ಲಿ ಅಂಥ ನಿದ್ದೆ ಮಾಡಿಲ್ಲ ಕಣೇ ನಾನು. ಮುಂದಿನ ಪುಸ್ತಕ ಯಾವುದು? ಅಕ್ಕ ನಂಗೆ ಇನ್ನೇನು ಬರೆದಿಟ್ಟಿದಾರೆ?"

ಸುಮ್ಮನಿದ್ದರೆ ಸಾಕಿತ್ತು. ಆ ಹೆಂಗಸು ಸುಖವಾಗಿ ಮಲಗುತ್ತಿದ್ದಳು, ಅಕ್ಕ ಇನ್ನೊಂದಿಷ್ಟು ದಿನ ಬದುಕಿರುತ್ತಿದ್ದಳು. ಆದರೆ ಮುಂದಿನ ಚೀಟಿ ಅವಳನ್ನು ಎಲ್ಲಿಗೆ ಕರೆದುಕೊಂಡು ಹೋದೀತು? ಈ ಸಲ ಗೋಡೆ ಇತ್ತು, ಮುಂದಿನ ಸಲ ಏನಿರುತ್ತದೋ.

"ಅದನ್ನ ಅಕ್ಕ ಬರೆದಿಲ್ಲ," ಎಂದಳು ಪುಟ್ಟಿ. "ನಾನು ಬರೆದೆ. ಅಕ್ಕನ ಚೀಟಿ ಮುಗಿದು ಎರಡು ತಿಂಗಳಾಯ್ತು. ಹಿಂದೆ ಖಾಲಿ ಇದ್ದದ್ದು ಯಾಕೆ ಅಂದ್ರೆ ನಾನು ಆ ಪುಸ್ತಕ ತೆರೆದೂ ನೋಡಿಲ್ಲ. ಬೈಯಿರಿ. ಹೊಡೀಬೇಕು ಅನ್ನಿಸಿದ್ರೆ ಹೊಡೀರಿ."

ಟೈಲರಮ್ಮ ಬೈಯಲಿಲ್ಲ. ಮಗುವಿನ ತಂಟೆ ನೋಡುವವಳಂತೆ ನೋಡಿದಳು. "ಓದಿಲ್ವಾ? ಹಾಗಾದ್ರೆ ಕೊನೇ ಪುಟದಲ್ಲಿ ನೀರು ಬೆಚ್ಚಗಿದೆ ಅಂತ ಹೇಗೆ ಬರೆದೆ?"

"ಸುಮ್ನೆ ಬಂತು."

"ಅದೇ ಮಾತು ಪುಸ್ತಕದಲ್ಲಿದೆ. ಕೊನೇ ಪುಟ, ಕೊನೇ ಸಾಲು. 'ನೀರು ಬೆಚ್ಚಗಿತ್ತು' ಅಂತ." ಟೈಲರಮ್ಮ ಪುಸ್ತಕ ತೆರೆದು ಮುಂದೆ ಹಿಡಿದಳು. ಪುಟ್ಟಿ ಓದಿದಳು. ಹೌದು, ಹಾಗೇ ಇತ್ತು. ಮತ್ತೊಮ್ಮೆ ಓದಿದಳು.

"ನಿಜ ಹೇಳ್ತಿದೀನಿ ಟೈಲರಮ್ಮಾ, ನಾನೇ ಬರೆದದ್ದು. ಆಣೆ ಮಾಡ್ಲಾ?"

"ಆಣೆ ಬೇಡ. ಬರೆದು ತೋರಿಸು." ಟೈಲರಮ್ಮನ ದನಿ ಮೊದಲ ಸಲ ನಡುಗಿತು. "ನಿನ್ನ ಅಕ್ಷರದಲ್ಲಿ, ನಿನ್ನ ಮಾತಲ್ಲಿ. 'ಈ ಪುಸ್ತಕ ನಾನು ಓದಿಲ್ಲ' ಅಂತ ಬರಿ. ನಂಬ್ತೀನಿ. ಮನೆಗೆ ಹೋಗಿ ಬಾಗಿಲು ಹಾಕ್ಕೋತೀನಿ."

ಪುಟ್ಟಿ ರಟ್ಟು ತೆಗೆದುಕೊಂಡಳು. ಒಂದು ಸಾಲು ಬರೆಯುವುದು, ಅಷ್ಟೇ ತಾನೆ. ಇಷ್ಟು ವರ್ಷ ಬಿಲ್ ಬರೆದ ಕೈ. 'ಈ' ಬರೆದಳು. ಅದು ಹಿಂದಕ್ಕೆ ವಾಲಿತು. ಹೊಡೆದುಹಾಕಿ, ಒಂದನೇ ಕ್ಲಾಸಿನ ಮಗುವಿನಂತೆ ನಿಧಾನಕ್ಕೆ, ಉಸಿರು ಬಿಗಿಹಿಡಿದು ಮತ್ತೆ ಬರೆದಳು. ಈ ಪುಸ್ತಕ ನಾನು ಓದಿಲ್ಲ. ಐದಾರು ಅಕ್ಷರ ಅಲ್ಲ, ಪೂರ್ತಿ ಸಾಲಿಗೆ ಸಾಲೇ ಆರಾಮಾಗಿ ಒರಗಿ ಕೂತಿತ್ತು. ಗುಂಡಗೆ, ನೆಟ್ಟಗೆ ಬರೆಯುತ್ತಿದ್ದೆನಲ್ಲ, 'ಪ'ವನ್ನು ಎಲ್ಲಿಂದ ಶುರುಮಾಡುತ್ತಿದ್ದೆ? ನೆನಪಿಗೆ ಬರಲಿಲ್ಲ. ಮೂರನೆಯ ಸಲ ಬರೆಯುವಾಗ ಕಣ್ಣಲ್ಲಿ ನೀರು ತುಂಬಿ ಏನೂ ಕಾಣಲಿಲ್ಲ. ಕಾಣದಿದ್ದರೂ ಕೈ ನಿಲ್ಲಲಿಲ್ಲ, ಸಾಲು ಸೊಟ್ಟಗಾಗಲೂ ಇಲ್ಲ.

ಟೈಲರಮ್ಮ ರಟ್ಟನ್ನು ತನ್ನ ಕಡೆಗೆ ಎಳೆದುಕೊಂಡಳು. ಬರೆದದ್ದು ಏನೆಂದು ಅವಳು ಓದಲೇ ಇಲ್ಲ. ಸೂಜಿ ಚುಚ್ಚಿ ಚುಚ್ಚಿ ಒರಟಾದ ಬೆರಳನ್ನು ಅಕ್ಷರಗಳ ಮೇಲೆ ಮೆಲ್ಲಗೆ ಆಡಿಸಿದಳು.

"ಅಕ್ಕಾ," ಎಂದಳು. ಪುಟ್ಟಿಗಲ್ಲ, ರಟ್ಟಿಗೆ. "ಚೆನ್ನಾಗಿದೀರಾ?"

ಎಂಟು ತಿಂಗಳಲ್ಲಿ ನೂರಾರು ಜನ ಈ ಬಾಗಿಲಲ್ಲಿ ಬಂದುಹೋಗಿದ್ದರು. ಅಕ್ಕ ಏನಂತಾರೆ ಎಂದರು, ಚೀಟಿ ಎಷ್ಟು ಉಳಿದಿವೆ ಎಂದರು. ಪುಟ್ಟಿ, ನೀನು ಚೆನ್ನಾಗಿದೀಯಾ ಎಂದು ಒಬ್ಬರೂ ಕೇಳಿರಲಿಲ್ಲ. ಈಗ ಕೇಳಿದ್ದೂ ಅವಳನ್ನಲ್ಲ. ರಟ್ಟು ಕಿತ್ತುಕೊಂಡು ಹರಿದುಹಾಕಬೇಕೆಂದು ಕೈ ಚಾಚಿದಳು. ಕೈ ಹೋಗಿ ಟೈಲರಮ್ಮನ ತಲೆಯ ಮೇಲೆ ಕೂತಿತು.

"ಚೆನ್ನಾಗಿದೀನಿ."

ಟೈಲರಮ್ಮ ಆ ದನಿಗೆ ಕಣ್ಣು ಮುಚ್ಚಿಕೊಂಡಳು. ಆಮೇಲೆ, ಆರು ವರ್ಷ ಯಾರನ್ನೂ ಕೇಳಲಾಗದೆ ಉಳಿದದ್ದನ್ನು ತುಂಬ ಸಣ್ಣದಾಗಿ ಕೇಳಿದಳು. "ನನ್ ಮಗು?"

"ಇಲ್ಲೇ ಇದ್ದಾಳೆ. ನನ್ ಪಕ್ಕದಲ್ಲಿ ಓದ್ತಾ ಕೂತಿದ್ದಾಳೆ," ಎಂದಿತು ಪುಟ್ಟಿಯ ಬಾಯಿ. ಹಾಗೆ ಹೇಳಬೇಕೆಂದು ಪುಟ್ಟಿ ಅಂದುಕೊಂಡಿರಲೇ ಇಲ್ಲ.